ಅಳಿಯಂದಿರಿಗೆ ಬದನೆಕಾಯಿ ಆಗುವುದಿಲ್ಲ

ಪ್ರಸನ್ನಕುಮಾರ್ ಮದುವೆಯಾದ ಹೊಸದರಲ್ಲಿ ಮಾಡಿದ ತಪ್ಪು ಒಂದೇ. ಚೌಳಹಿರಿಯೂರಿನ ಅತ್ತೆಮನೆಯಲ್ಲಿ ಮೊದಲ ಊಟಕ್ಕೆ ಕುಳಿತಾಗ, ಎಲೆಗೆ ಬಿದ್ದ ಬದನೆಕಾಯಿ ಎಣ್ಣೆಗಾಯಿಯನ್ನು ಕಣ್ಣುಮುಚ್ಚಿ ನುಂಗಿ, "ಚೆನ್ನಾಗಿದೆ ಅತ್ತೆ" ಅಂದುಬಿಟ್ಟ. ಹೊಸ ಅಳಿಯ ಇನ್ನೇನು ತಾನೇ ಅಂದಾನು? ಅಂದಿನಿಂದ ಅತ್ತೆ ಕಲ್ಲಮ್ಮನವರು ಅಜ್ಜಂಪುರದ ಮಗಳ ಮನೆಗೆ ಹೊರಟರೆ, ಅವರಿಗಿಂತ ಮೊದಲು ಬದನೆಕಾಯಿ ಚೀಲ ಬಸ್ಸಿನಿಂದ ಇಳಿಯುತ್ತಿತ್ತು. ಬದನೆಕಾಯಿಯ ವಾಸನೆಗೇ ಮುಖ ಹಿಂಡುವ ಮನುಷ್ಯ ವರ್ಷಗಟ್ಟಲೆ ಅದನ್ನು ತಿಂದ. ಅತ್ತೆಯ ಕೈಯಡುಗೆಗೆ ಅಳಿಯ ಹೆಸರಿಡುವುದುಂಟೇ?

ಈ ಸಲ ಕಲ್ಲಮ್ಮನವರು ಬಂದದ್ದು ಒಂದೆರಡು ದಿನಕ್ಕಲ್ಲ, ಪೂರ್ತಿ ಒಂದು ತಿಂಗಳಿಗೆ. ಮರುದಿನ ಬೆಳಿಗ್ಗೆ ಪ್ರಸನ್ನಕುಮಾರ್ ಕಡ್ಲೆಬೀಜದ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ಮುಗಿಸಿ ಕೈತೊಳೆಯಲು ಎದ್ದರೆ, ಅಡುಗೆಮನೆಯಲ್ಲಿ ಬುಟ್ಟಿ ತುಂಬ ಬದನೆಕಾಯಿ. ಅದೇ ಹೊತ್ತಿಗೆ ಬೀದಿಯಲ್ಲಿ ಮೈಕು ಕಟ್ಟಿಕೊಂಡ ಆಟೋ ಕೂಗುತ್ತಾ ಹೋಯಿತು: "ಆಹಾರದ ಅಲರ್ಜಿ ಬಗ್ಗೆ ಅರಿವು ಶಿಬಿರ, ಇವತ್ತು ತರೀಕೆರೆಯಲ್ಲಿ, ಎಲ್ಲರೂ ಬನ್ನಿ!"

ಪ್ರಸನ್ನಕುಮಾರ್ ಪಂಪ್‌ಸೆಟ್ ರಿಪೇರಿ ಅಂಗಡಿಯವನು. ಯಾವ ಮೋಟಾರು ಯಾಕೆ ಕೆಟ್ಟಿತು ಎಂದು ಗೊತ್ತಿಲ್ಲದಿದ್ದರೂ ಗೊತ್ತಿರುವವನ ಹಾಗೆ ಹೇಳಿ ರೂಢಿ.

"ಅತ್ತೆ, ಒಂದು ಮಾತು. ನಂಗೆ ಬದನೆಕಾಯಿ ಅಲರ್ಜಿ," ಎಂದ, ಗಂಟಲು ಸರಿಮಾಡಿಕೊಂಡು.

ಕಲ್ಲಮ್ಮನವರ ಕೈಯಲ್ಲಿದ್ದ ಬದನೆಕಾಯಿ ಜಾರಿ ಬಿತ್ತು. "ಅಂದ್ರೆ ನಂಜಾ?"

"ನಂಜೇ ಅನ್ಕಳಿ."

"ಅಯ್ಯೋ ಶಿವನೇ! ಇಷ್ಟ್ ವರ್ಷ ನನ್ ಕೈಯಾರೆ ಅಳಿಯಂಗೆ ನಂಜು ಬಡಿಸ್ದೆನಲ್ಲವ್ವಾ!" ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪ್ರಸನ್ನಕುಮಾರನಿಗೆ ಒಳಗೊಳಗೇ ನಾಚಿಕೆಯಾಯಿತು. ಆದರೆ ಬುಟ್ಟಿ ಕಡೆ ನೋಡಿದ ಮೇಲೆ ನಾಚಿಕೆ ತಡೆದುಕೊಂಡ.

ಹೆಂಡತಿ ಅಶ್ವಿನಿ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನ್ರೀ, ನಂಗೊಂದ್ ದಿನಾನೂ ಹೇಳಿಲ್ವಲ್ಲ?"

"ನಿಮ್ಮಮ್ಮ ಬೇಜಾರ್ ಮಾಡ್ಕೊತಾರೆ ಅಂತ ತಡ್ಕೊಂಡಿದ್ದೆ ಕಣೇ."

ಗೋಡೆಯಾಚೆಯ ದಾಕ್ಷಾಯಣಮ್ಮನವರಿಗೆ ಕಿವಿ ಚುರುಕು. ಒಲೆಯ ಮೇಲಿದ್ದ ಹಾಲನ್ನೂ ಮರೆತು, ಒಂದು ಕೈಯಲ್ಲಿ ದೊಡ್ಡಪತ್ರೆ ಸೊಪ್ಪು, ಇನ್ನೊಂದು ಕೈಯಲ್ಲಿ ಕರಿ ಕಂಬಳಿ ಹಿಡಿದು ಬಂದರು. "ಮೈಮೇಲೆ ಗಂಧೆ ಏಳೋ ಮುಂಚೆ ಉಜ್ಬೇಕು ಕಣಪ್ಪಾ, ಅಂಗಿ ಬಿಚ್ಚು!" ಬೇಡವೆಂದರೂ ಕೇಳಲಿಲ್ಲ. ಬೆನ್ನಿಗೆಲ್ಲ ಸೊಪ್ಪು ತಿಕ್ಕಿ, ಕಂಬಳಿ ಸುತ್ತಿ ಜಗಲಿಯ ಮೇಲೆ ಕೂರಿಸಿದರು. ಬಿಸಿಲಿಗೆ ಅವನು ಬೇಯತೊಡಗಿದ.

ಅಷ್ಟರಲ್ಲಿ ಸುದ್ದಿ ಕೇಳಿ ಆಶಾ ಕಾರ್ಯಕರ್ತೆ ಕೋಮಲಾ ಓಡಿ ಬಂದಳು. "ಸಾರ್, ನೀವೇ ಬೇಕಾಗಿತ್ತು! ಶಿಬಿರಕ್ಕೆ ಜನ ಬತ್ತಾರೆ, ಆದ್ರೆ ನಂಗೆ ಇಂಥದ್ದು ಆಗಲ್ಲ ಅಂತ ಒಬ್ರೂ ಬಾಯಿ ಬಿಡಲ್ಲ. ಬೀಗರ ಮುಂದೆ ಮರ್ಯಾದೆ ಹೋಗುತ್ತೆ ಅಂತಾರೆ. ನೀವು ನಾಕು ಮಾತು ಆಡ್ಬೇಕು."

"ನಾನ್ಯಾಕಮ್ಮ?"

"ಯಾಕ್ ಹಿಂದೇಟು?" ಎಂದಳು ಅಶ್ವಿನಿ, ಕಣ್ಣು ಕಿರಿದು ಮಾಡಿ.

ಆ ನೋಟಕ್ಕಿಂತ ವೇದಿಕೆಯೇ ವಾಸಿ ಎನಿಸಿತು. ಕಂಬಳಿ ಸಮೇತ ಅವನೂ, ಹಿಂದೆ ಮೂವರು ಹೆಂಗಸರೂ ಕೋಮಲಾಳ ಜೊತೆ ತರೀಕೆರೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ದಾಕ್ಷಾಯಣಮ್ಮ ಕಂಡಕ್ಟರನಿಂದ ಹಿಡಿದು ಎಲ್ಲರಿಗೂ ಅವನ ನಂಜಿನ ಕತೆ ಹೇಳಿದರು.

ಮೈಕು ಕೈಗೆ ಬಂದದ್ದೇ ತಡ, ಪ್ರಸನ್ನಕುಮಾರ್ ಹುಲಿಯಾದ. "ಬಂಧುಗಳೇ, ಬೇಡ ಅಂದೋರಿಗೆ ಒಂದ್ ಚೂರು ಹಾಕ್ಕಳಿ ಏನಾಗಲ್ಲ ಅಂತ ಬಲವಂತ ಮಾಡ್ತೀವಲ್ಲ, ಅದು ಉಪಚಾರ ಅಲ್ಲ, ಅಪಚಾರ!" ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕಲ್ಲಮ್ಮನವರು ಮತ್ತೊಮ್ಮೆ ಅತ್ತರು.

ಶಿವಮೊಗ್ಗದಿಂದ ಬಂದಿದ್ದ ಡಾಕ್ಟರಮ್ಮ ಮೆಚ್ಚಿಕೊಂಡರು. "ಚೆನ್ನಾಗಿ ಹೇಳಿದ್ರಿ. ತಿಂದಾಗ ನಿಮಗೆ ಏನಾಗುತ್ತೆ?"

ಇದನ್ನು ಅವನು ಯೋಚಿಸಿರಲಿಲ್ಲ. ಸುಳ್ಳು ಹುಡುಕಲು ಹೊತ್ತಿಲ್ಲದೆ, ತನಗೆ ಆಗಾಗ ಆಗುವ ಉಷ್ಣದ ಬಾಧೆಯನ್ನೇ ಒಪ್ಪಿಸಿದ. "ತುಟಿ ಚುರುಗುಟ್ಟುತ್ತೆ, ಗಂಟಲು ಕೆರೆಯುತ್ತೆ, ಕತ್ತಿನ ಮೇಲೆ ದದ್ದು ಏಳುತ್ತೆ. ಮಜ್ಜಿಗೆ ಕುಡಿದ್ರೆ ಸರಿಹೋಗುತ್ತೆ."

ಡಾಕ್ಟರಮ್ಮನ ಮುಖ ಗಂಭೀರವಾಯಿತು. "ಯಾವ ಹೊತ್ತಲ್ಲಿ ಜಾಸ್ತಿ?"

"ಬೆಳಿಗ್ಗೆ ರೊಟ್ಟಿ ತಿಂದ ಮೇಲೆ."

"ರೊಟ್ಟಿ ಜೊತೆ ಬದನೆಕಾಯಿ ತಿಂತೀರಾ?"

"ಇಲ್ಲ, ಚಟ್ನಿ," ಎಂದು ಬಾಯಿ ತಪ್ಪಿ ನಿಜ ಹೇಳಿದ.

ಡಾಕ್ಟರಮ್ಮ ಅವನನ್ನು ಕೂರಿಸಿ, ತೋಳಿನ ಮೇಲೆ ಹಲವು ಪದಾರ್ಥಗಳ ರಸ ಒಂದೊಂದು ತೊಟ್ಟು ಇಟ್ಟು ಸೂಜಿಯಿಂದ ಮೆಲ್ಲಗೆ ಚುಚ್ಚಿದರು. ಬದನೆಕಾಯಿ ಇಟ್ಟ ಜಾಗ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಜಾಗದಲ್ಲಿ ದೊಡ್ಡ ದದ್ದು ಎದ್ದಿತು.

"ಬದನೆಕಾಯಿ ಅಲ್ಲ, ನಿಮಗೆ ಆಗದೇ ಇರೋದು ಕಡ್ಲೆಬೀಜ."

ಕಲ್ಲಮ್ಮನವರು ಕೂತಲ್ಲಿಂದ ದಿಗ್ಗನೆ ಎದ್ದರು. "ಎಣ್ಣೆಗಾಯಿಗೆ ನಾನು ಕಡ್ಲೆಬೀಜಾನೇ ಹುರ್ದು, ಕುಟ್ಟಿ ತುಂಬೋದು ಕಣವ್ವ!"

"ಇವತ್ತಿಂದ ಬಿಡಿ. ಈಗ ತುರಿಕೆ ಅಷ್ಟೆ, ಮುಂದೊಂದು ದಿನ ಉಸಿರೇ ಕಟ್ಟಬಹುದು. ಹಾಗಾದ್ರೆ ಒಂದು ಕ್ಷಣ ಕಾಯದೆ ಆಸ್ಪತ್ರೆಗೆ ಓಡ್ಬೇಕು. ಸರಿಯಾದ ಹೊತ್ತಲ್ಲಿ ಬಾಯಿಬಿಟ್ಟು ಹೇಳಿದ್ರಿ, ಬದುಕಿದ್ರಿ," ಎಂದರು ಡಾಕ್ಟರಮ್ಮ.

ಪ್ರಸನ್ನಕುಮಾರ್ ಆ ದದ್ದನ್ನೇ ನೋಡುತ್ತಾ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ. ಪ್ರಾಣಕ್ಕೆ ಹೆದರಿದನೋ, ಚಟ್ನಿಗೆ ಮರುಗಿದನೋ ಅವನಿಗೇ ತಿಳಿಯಲಿಲ್ಲ. ಅಶ್ವಿನಿ ಮೊದಲ ಸಲ ಅನುಮಾನ ಬಿಟ್ಟು ಅವನ ಕೈ ಹಿಡಿದುಕೊಂಡಳು. ಕಲ್ಲಮ್ಮನವರಿಗೆ ಮಾತ್ರ ಕೇಳಬೇಕಾದದ್ದು ಇನ್ನೊಂದಿತ್ತು.

"ಹಂಗಾದ್ರೆ ಬದನೆಕಾಯಿ ತಿನ್ನಬೌದಾ ತಾಯಿ?"

"ಧಾರಾಳವಾಗಿ! ದಿನಾ ತಿನ್ನಲಿ."

ಸಂಜೆ ಊರು ಸೇರುವಷ್ಟರಲ್ಲಿ ಮನೆಯಲ್ಲಿದ್ದ ಕಡ್ಲೆಬೀಜವೆಲ್ಲ ದಾಕ್ಷಾಯಣಮ್ಮನವರ ಮನೆಗೆ ಹೋಗಬೇಕೆಂದು ಬಸ್ಸಿನಲ್ಲೇ ತೀರ್ಮಾನವಾಗಿತ್ತು. ಅವರ ಬಾಯಿಂದ ಬೀದಿಯ ಹೆಂಗಸರಿಗೆಲ್ಲ ಅರಿವು ಮೂಡಿತ್ತು. ಒಬ್ಬೊಬ್ಬರಾಗಿ ಡಬ್ಬಿ ಹಿಡಿದು ಬಂದರು. ಒಂದರಲ್ಲಿ ವಾಂಗೀಬಾತು, ಒಂದರಲ್ಲಿ ಬದನೆಕಾಯಿ ಗೊಜ್ಜು, ಒಂದರಲ್ಲಿ ಬದನೆಕಾಯಿ ಪಲ್ಯ. "ಒಂದ್ ಕಾಳೂ ಕಡ್ಲೆಬೀಜ ಹಾಕಿಲ್ಲ, ಧೈರ್ಯವಾಗಿ ತಿನ್ನಿ" ಎಂದು ಎಲ್ಲರೂ ಆಣೆ ಮಾಡಿದರು.

ಪ್ರಸನ್ನಕುಮಾರ್ ಕೋಮಲಾಳನ್ನು ಜಗಲಿಯ ಮೂಲೆಗೆ ಕರೆದು ಪಿಸುಗುಟ್ಟಿದ. "ಬದನೆಕಾಯಿ ಸುಮ್ನೆ ಇಷ್ಟ ಇಲ್ದೇ ಇರೋರಿಗೆ ಏನಾದ್ರೂ ಶಿಬಿರ ಇದೆಯೇನಮ್ಮಾ?"

"ಅದೇನ್ ಕಾಯಿಲೆನಾ ಸಾರ್? ಬಾಯಿಬಿಟ್ಟು ಹೇಳಿದ್ರೆ ಮುಗೀತು. ಬೇಡ ಅಂದೋರಿಗೆ ಬಲವಂತ ಮಾಡ್ಬಾರ್ದು ಅಂತ ಇವತ್ತು ಭಾಷಣದಲ್ಲಿ ನೀವೇ ಅಂದ್ರಲ್ಲ!"

ಒಳಗಿನಿಂದ ಕಲ್ಲಮ್ಮನವರ ದನಿ ಬಂತು. ಅದರಲ್ಲಿದ್ದ ಸಂತೋಷ ಕೇಳಿದರೆ ಎಂಥ ಕಲ್ಲೆದೆಯವನೂ ಕರಗಬೇಕು. "ಅಳಿಯಂದ್ರೇ, ಕಡ್ಲೆಬೀಜದ ಬದ್ಲು ಎಳ್ಳು, ಕೊಬ್ರಿ ತುಂಬಿ ಮಾಡಿದೀನಿ. ಇನ್ಮೇಲೆ ಒಂದ್ ದಿನಾನೂ ತಪ್ಸಲ್ಲ. ಬನ್ನಿ, ಎಲೆ ಹಾಕಿದೀನಿ!"

ಪ್ರಸನ್ನಕುಮಾರ್ ಬಾಯಿ ತೆರೆದ. ಅತ್ತೆಯ ಮುಖ ಬಾಗಿಲಲ್ಲಿ ಕಾಣಿಸಿತು. ಅವನು ಬಾಯಿ ಮುಚ್ಚಿಕೊಂಡು, ಕೈತೊಳೆದು, ಎಲೆಯ ಮುಂದೆ ಹೋಗಿ ಕುಳಿತ.