ಗ್ರಂಥಾಲಯಕ್ಕೆ ನಾನು ಯುವಜನರನ್ನು ಕರೆತಂದ ಬಗೆ

ನಮ್ಮೂರಿನ ಯುವಜನರು ಗ್ರಂಥಾಲಯಕ್ಕೆ ಯಾಕೆ ಬರುವುದಿಲ್ಲ ಎಂಬುದನ್ನು ನಾನು ಎಂಟು ವರ್ಷ ಅದೇ ಗ್ರಂಥಾಲಯದಲ್ಲಿ, ಅದೇ ಫ್ಯಾನಿನ ಕೆಳಗೆ, ಅದೇ ಕುರ್ಚಿಯಲ್ಲಿ ಕುಳಿತು ಆಳವಾಗಿ ಅಧ್ಯಯನ ಮಾಡಿದ್ದೆ. ತೀರ್ಮಾನ ಸ್ಪಷ್ಟವಾಗಿತ್ತು: ಅವರು ಸೋಮಾರಿಗಳು, ಮೊಬೈಲಿನ ದಾಸರು, ಅಕ್ಷರದ ಬೆಲೆ ತಿಳಿಯದವರು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಅದೂ ಒಂದೇ ಸಲಕ್ಕೆ! ನನ್ನ ತೀರ್ಮಾನ ತಪ್ಪಾಗಲು ಸಾಧ್ಯವೇ?

ನಮ್ಮೂರು ದೇವನಹಳ್ಳಿ ತಾಲ್ಲೂಕಿನ ವಿಜಯಪುರದಿಂದ ಬಸ್ಸಿನಲ್ಲಿ ಕಾಲು ಗಂಟೆ. ಪಂಚಾಯಿತಿ ಕಟ್ಟಡದ ಪಕ್ಕದ ಕೋಣೆಯೇ ಗ್ರಂಥಾಲಯ. ರೇಷ್ಮೆ ಹುರಿ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ನಾನು, ನಿವೃತ್ತನಾದ ಮರುದಿನವೇ ಅಲ್ಲಿ ಹಾಜರಾದೆ. ಯಾರೂ ಕರೆದಿರಲಿಲ್ಲ. ದಿನಪತ್ರಿಕೆಯ ಒಂದು ಹಾಳೆ ಕೈಯಲ್ಲಿ, ಉಳಿದೆಲ್ಲ ಹಾಳೆಗಳು ತೊಡೆಯ ಕೆಳಗೆ. ಬೇರೆಯವರು ಎತ್ತಿಕೊಂಡು ಹೋದರೆ? ಬಂದವರನ್ನೆಲ್ಲ ಕನ್ನಡಕದ ಮೇಲಿನಿಂದ ನೋಡುತ್ತಿದ್ದೆ. ಯಾರಾದರೂ ಕೆಮ್ಮಿದರೆ "ಶ್ಶ್!" ಎನ್ನುತ್ತಿದ್ದೆ. ಇದನ್ನು ನಾನು ಸಮಾಜಸೇವೆ ಎಂದುಕೊಂಡಿದ್ದೆ.

ಒಂದು ದಿನ ಗ್ರಂಥಾಲಯದ ಮೇಲ್ವಿಚಾರಕಿ ರೂಪಾ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಬಿಚ್ಚುತ್ತಿದ್ದಳು.

"ಏನಮ್ಮಾ ಇದು?"

"ಯುವಜನ ಮಾಸ ಮಾಡ್ಬೇಕಂತೆ ಸರ್. ಇಲಾಖೆಯವ್ರು ಪ್ರಚಾರ ಸಾಮಗ್ರಿ ಕಳಿಸವ್ರೆ."

ಪೋಸ್ಟರುಗಳು, ಪುಸ್ತಕದಲ್ಲಿ ಗುರುತಿಗೆ ಇಡುವ ಪಟ್ಟಿಗಳು, ಬ್ಯಾಡ್ಜುಗಳು, ಸಲಹಾ ಪೆಟ್ಟಿಗೆ, ಜೊತೆಗೆ ಮೇಲ್ವಿಚಾರಕರಿಗೊಂದು ಕೈಪಿಡಿ. ಪೋಸ್ಟರಿನ ಯುವಕರು ಪುಸ್ತಕ ನೋಡಿ ಹಲ್ಲು ಕಿರಿಯುತ್ತಿದ್ದರು. ಪುಸ್ತಕ ನೋಡಿ ಹಾಗೆ ಹಲ್ಲು ಬಿಡುವವರನ್ನು ನಾನು ಈ ತಾಲ್ಲೂಕಿನಲ್ಲಿ ಕಂಡಿಲ್ಲ.

"ತಿಂಗಳೊಳಗೆ ಮೂವತ್ತು ಜನ ಯುವಕರು ಸದಸ್ಯರಾದ್ರೆ ಒಂದು ಬೀರು ತುಂಬ ಪರೀಕ್ಷೆ ಪುಸ್ತಕ, ಒಂದು ಕಂಪ್ಯೂಟರ್ ಕೊಡ್ತಾರೆ ಸರ್. ಇಲ್ಲಾಂದ್ರೆ ಅವು ಪಕ್ಕದ ಪಂಚಾಯಿತಿಗೆ ಹೋಗ್ತವೆ. ನಮ್ಮ ಚಂದ್ರಿಕಾ ಪೊಲೀಸ್ ಪರೀಕ್ಷೆಗೆ ಓದ್ತಾವ್ಳೆ. ಬೆಳಗ್ಗೆ ಹುರಿ ಕಾರ್ಖಾನೆ ಕೆಲ್ಸ, ಮಧ್ಯಾಹ್ನ ಬಸ್ ಹತ್ತಿ ದೇವನಹಳ್ಳಿ ಲೈಬ್ರರಿಗೆ ಹೋಗಿ ಓದ್ಕೊಂಡು ಬರ್ತಾಳೆ. ಅವಳಿಗೋಸ್ಕರ ಆದ್ರೂ..."

"ಬಿಡಮ್ಮಾ, ನಾನಿದ್ದೀನಿ!" ಎಂದೆ. ಈ ಪ್ರಪಂಚದ ಎಷ್ಟೋ ಅನಾಹುತಗಳು ಇದೇ ಮಾತಿನಿಂದ ಶುರುವಾಗಿವೆ.

ಮನೆಯಲ್ಲಿ ನನ್ನಾಕೆ ಸರೋಜ ವಿಷಯ ಕೇಳಿ ಅಕ್ಕಿ ಆರಿಸುವುದನ್ನೇ ನಿಲ್ಲಿಸಿದಳು. "ಹುಡುಗ್ರನ್ನ ಕರೆಯೋಕೆ ನೀವಾ? ನಿಮ್ಮನ್ನ ಕಂಡ್ರೆ ನಮ್ಮನೆ ಬೆಕ್ಕೇ ಓಡೋಗ್ತದೆ."

ಮೊದಲು ಪೋಸ್ಟರು. ಎಲ್ಲಿ ಅಂಟಿಸಬೇಕೆಂದು ಕೈಪಿಡಿಯಲ್ಲಿ ಬರೆದಿತ್ತಂತೆ. ನಾನು ಓದಲಿಲ್ಲ. ಕೈಪಿಡಿ ಓದುವುದು ತಿಳಿಯದವರ ಕೆಲಸ! ಟೀ ಅಂಗಡಿ, ಕ್ರಿಕೆಟ್ ಮೈದಾನ ಇವೆಲ್ಲ ಅಯೋಗ್ಯ ಜಾಗಗಳೆಂದು ನಿರ್ಧರಿಸಿ, ಹಾಲಿನ ಡೈರಿ, ಭಜನೆ ಮಂದಿರ ಮತ್ತು ಬಿ.ಪಿ. ನೋಡುವ ಆಸ್ಪತ್ರೆಯ ಜಗುಲಿಯಲ್ಲಿ ಅಂಟಿಸಿದೆ. ಮರುದಿನ ಏಳು ಜನ ಬಂದರು. ಅವರಲ್ಲಿ ತೀರಾ ಚಿಕ್ಕವನಿಗೆ ಅರವತ್ನಾಲ್ಕು.

"ಏನಪ್ಪಾ ತಿಮ್ಮರಾಯಪ್ಪ, ಹೊಸ ಪಿಂಚಣಿ ಅಂತೆ? ಹೆಬ್ಬೆಟ್ಟು ಎಲ್ಲಿ ಒತ್ತಬೇಕು?"

ರೂಪಾ ಗೋಡೆಯ ಕಡೆ ತಿರುಗಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಬೆನ್ನು ಮಾತ್ರ ಅಲುಗುತ್ತಿತ್ತು.

ಆಮೇಲೆ ಬಸ್ ನಿಲ್ದಾಣದಲ್ಲಿ ಪಟ್ಟಿ ಹಂಚಿಕೆ. ಬರೀ ಪಟ್ಟಿ ಕೊಟ್ಟರೆ ಏನು ಪ್ರಯೋಜನ? ಪಟ್ಟಿಗೊಂದು ಉಪನ್ಯಾಸ ಸೇರಿಸಿದೆ. "ನಮ್ಮ ಕಾಲದಲ್ಲಿ..." ಎಂದು ಬಾಯಿ ತೆರೆದರೆ ಸಾಕು, ನಿಲ್ದಾಣ ಖಾಲಿಯಾಗುತ್ತಿತ್ತು. ದೇವನಹಳ್ಳಿಗೆ ಹೋಗಬೇಕಾದವನೊಬ್ಬ ನನ್ನಿಂದ ತಪ್ಪಿಸಿಕೊಳ್ಳಲು ಶಿಡ್ಲಘಟ್ಟದ ಬಸ್ಸು ಹತ್ತಿದ! ಎರಡು ವಾರ ಕಳೆಯುವಷ್ಟರಲ್ಲಿ ಸದಸ್ಯರಾದ ಯುವಕರು ನಾಲ್ವರು. ನನಗೆ ಬೇಸರವಾಗಲಿಲ್ಲ. ನನ್ನ ಎಂಟು ವರ್ಷದ ಅಧ್ಯಯನ ನಿಜವಾಯಿತೆಂದು ಒಳಗೊಳಗೇ ಖುಷಿಯಾಯಿತು. ಎಂಥ ನೀಚ ಖುಷಿ!

ಕೊನೆಯ ಉಪಾಯವಾಗಿ ರೂಪಾ ಭಾನುವಾರ ಗ್ರಂಥಾಲಯದ ಅಂಗಳದಲ್ಲಿ 'ಎರಡು ನಿಮಿಷ ನಿಮ್ಮ ಮಾತು' ಎಂಬ ಕಾರ್ಯಕ್ರಮ ಇಟ್ಟಳು. ಮನೆಮನೆಗೆ ಹೋಗಿ ತಾನೇ ಇಪ್ಪತ್ತೈದು ಜನರನ್ನು ಒಪ್ಪಿಸಿ ಕರೆತಂದಳು. ಮೈಕು ಯುವಜನರಿಗೆಂದು ತಂದದ್ದು. ಸ್ವಾಗತಿಸುತ್ತೇನೆಂದು ಅದನ್ನು ಹಿಡಿದವನು ನಾನು. ನಲವತ್ತು ನಿಮಿಷ ಬಿಡಲಿಲ್ಲ.

ಹಿಂದಿನ ಸಾಲಿನಿಂದ ಪಿಸುಮಾತು ಕೇಳಿಸಿತು. "ಗುರು, ಎರಡು ನಿಮಿಷ ಅಂದಿದ್ರಲ್ಲಾ?"

"ಸುಮ್ನಿರೋ ಲೇ, ತಾತನ ವಾಚು ನಿಂತೋಗಿರ್ಬೇಕು."

ನಡುವೆ ನನ್ನ ಕಣ್ಣು ಸಲಹಾ ಪೆಟ್ಟಿಗೆಯ ಮೇಲೆ ಬಿತ್ತು. 'ನೀವು ಗ್ರಂಥಾಲಯಕ್ಕೆ ಏಕೆ ಬರುವುದಿಲ್ಲ?' ಎಂಬ ಪ್ರಶ್ನೆಗೆ ಬಂದವರೆಲ್ಲ ಚೀಟಿ ಬರೆದು ಹಾಕಿದ್ದರು.

"ಸರ್, ಅದನ್ನ ನಾನು ಆಮೇಲೆ ನೋಡ್ತೀನಿ, ಕೊಡಿ ಸರ್," ಎಂದು ರೂಪಾ ಕೈ ಚಾಚಿದಳು.

"ಮುಚ್ಚುಮರೆ ಯಾಕಮ್ಮಾ? ಎಲ್ಲರೆದುರೇ ಆಗ್ಲಿ!" ಎಂದು ಗಂಭೀರವಾಗಿ ಮೊದಲ ಚೀಟಿ ತೆರೆದು ಮೈಕಿನಲ್ಲಿ ಓದಿದೆ. "ಮಫ್ಲರ್ ತಾತ."

ಎರಡನೆಯದು: "ಕೆಮ್ಮಿದ್ರೂ ಬೈತಾರೆ. ಮಫ್ಲರ್ ತಾತ."

ಮೂರನೆಯದು: "ಪೇಪರ್ ಮೇಲೆ ಕೂತಿರ್ತಾರಲ್ಲ, ಅವ್ರು."

ನನ್ನ ರಕ್ತ ಕುದಿಯಿತು. "ಯಾರಪ್ಪಾ ಈ ಮಫ್ಲರ್ ತಾತ? ಇಂಥವರಿಂದ್ಲೇ ಊರು ಹಾಳಾಗೋದು! ಇಲ್ಲಿದ್ರೆ ಎದ್ದು ನಿಲ್ಲಲಿ!"

ಯಾರೂ ಏಳಲಿಲ್ಲ. ನಾನು ಮೊದಲೇ ನಿಂತಿದ್ದೆ. ಬಿಸಿಲಿಗೆ ಬೆವರು ಇಳಿಯುತ್ತಿತ್ತು. ಕೊರಳಿಗೆ ಸುತ್ತಿದ್ದ ಬಟ್ಟೆಯ ತುದಿಯಿಂದ ಮುಖ ಒರೆಸಿಕೊಂಡೆ. ಅದು ಮಫ್ಲರು!

ಸಭೆ ಬಿದ್ದು ಬಿದ್ದು ನಕ್ಕಿತು. ನಾಚಿಕೆ ಮುಚ್ಚಲು ಏನಾದರೂ ಮಾಡಬೇಕಲ್ಲ, ನಾಲ್ಕನೆಯ ಚೀಟಿ ತೆರೆದೆ. ದುಂಡು ಅಕ್ಷರ. ಬಾಯಿ ತಾನಾಗಿ ಓದಿತು. "ಪೊಲೀಸ್ ಅರ್ಜಿಯ ಕೊನೆಯ ದಿನಾಂಕ ಪೇಪರಿನಲ್ಲಿ ಬಂದಿತ್ತು. ಆ ಹಾಳೆ ಕೇಳಿದೆ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಅಂದರು. ಹಾಳೆ ಅವರ ತೊಡೆ ಕೆಳಗೇ ಇತ್ತು. ನನಗೆ ಒಂದು ವರ್ಷ ಹೋಯಿತು."

ಹೆಸರಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಚಂದ್ರಿಕಾ ಕೊನೆಯ ಸಾಲಿನಲ್ಲಿ ನೆಲ ನೋಡುತ್ತಿದ್ದಳು. ಈ ಸಲ ಯಾರೂ ನಗಲಿಲ್ಲ. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಆ ಹಾಳೆಯನ್ನು ನಾನೂ ಓದಿರಲಿಲ್ಲ. ಸುಮ್ಮನೆ ಅದರ ಮೇಲೆ ಕುಳಿತಿದ್ದೆ.

ಮನೆಗೆ ಬಂದರೆ ಸರೋಜ ಬಾಗಿಲಲ್ಲೇ ಇದ್ದಳು. "ಮೈಕ್‌ನಲ್ಲಿ ಓದಿದ್ದೆಲ್ಲ ಇಲ್ಲಿಗೂ ಕೇಳಿಸ್ತು."

"ಈಗ ಏನ್ ಮಾಡ್ಲಿ ಹೇಳು?"

"ಏನೂ ಮಾಡ್ಬೇಡಿ. ಅದೊಂದನ್ನ ನೀವು ಇಷ್ಟು ವರ್ಷದಲ್ಲಿ ಮಾಡೇ ಇಲ್ಲ."

ಮರುದಿನ ಚಂದ್ರಿಕಾಳ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಪರ್ವಾಗಿಲ್ಲ ತಾತ," ಎಂದಳು. ಪರವಾಗಿಲ್ಲ ಎನ್ನುವ ಮುಖ ಅದಾಗಿರಲಿಲ್ಲ. ಅಲ್ಲಿಂದ ಮನೆಗೆ ಬಂದವನು ಮತ್ತೆ ಗ್ರಂಥಾಲಯದ ಕಡೆ ತಲೆ ಹಾಕಲಿಲ್ಲ.

ಹತ್ತನೆಯ ದಿನ ರೂಪಾ ಹೇಳಿಕಳಿಸಿದಳು. ಹೋದರೆ ಕೋಣೆಯ ಹೊರಗೆ ಚಪ್ಪಲಿಗಳ ರಾಶಿ. "ಮೂವತ್ಮೂರು ಜನ ಆದ್ರು ಸರ್! ಬೀರು, ಕಂಪ್ಯೂಟರ್ ಎರಡೂ ಬರ್ತವೆ!" ಎಂದಳು. ಆದರೆ ವರದಿ ನಮೂನೆಯ ಮುಂದೆ ಪೆನ್ನು ಕಚ್ಚುತ್ತಾ ಕುಳಿತಿದ್ದಳು. ಕೊನೆಯ ಪ್ರಶ್ನೆ ಹೀಗಿತ್ತು: 'ಯಾವ ಪ್ರಚಾರ ಸಾಮಗ್ರಿ ಹೆಚ್ಚು ಪರಿಣಾಮಕಾರಿಯಾಯಿತು? ಪೋಸ್ಟರು, ಪಟ್ಟಿ, ಬ್ಯಾಡ್ಜು, ಇತರೆ.'

"ಏನ್ ಬರೀಲಿ ಸರ್?" ಎಂದಳು. ಏನು ಬರೆಯಬೇಕೆಂದು ಅವಳಿಗೆ ಗೊತ್ತಿತ್ತು, ಮರ್ಯಾದೆ ಅಡ್ಡ ಬರುತ್ತಿತ್ತು. ಪೆನ್ನು ತೆಗೆದುಕೊಂಡು 'ಇತರೆ' ಎಂಬಲ್ಲಿ ಗುರುತು ಹಾಕಿ, ಎಸ್ಸೆಸ್ಸೆಲ್ಸಿಯ ಮುತ್ತಿನಂಥ ಅಕ್ಷರದಲ್ಲಿ ನಾನೇ ಬರೆದೆ: 'ಶ್ರೀ ತಿಮ್ಮರಾಯಪ್ಪನವರ ಗೈರುಹಾಜರಿ.'

ವರದಿಯ ಜೊತೆ ಫೋಟೋ ಬೇಕಿತ್ತು. ಎಲ್ಲರೂ ಸೇರಿ ನಿಂತರು. ಫ್ಯಾನಿನ ಕೆಳಗಿನ ನನ್ನ ಕುರ್ಚಿಯಲ್ಲಿ ಚಂದ್ರಿಕಾ, ಅವಳ ಮುಂದೆ ಮೇಜಿನ ಮೇಲೆ ಹರಡಿದ ಅಷ್ಟೂ ಹಾಳೆಗಳು. ನಾನು ಮಫ್ಲರ್ ಸರಿಮಾಡಿಕೊಂಡು, ಪೋಸ್ಟರಿನ ಯುವಕರಂತೆ ಹಲ್ಲು ಬಿಟ್ಟು ಹಿಂದೆ ನಿಂತೆ.

ಮೊಬೈಲು ಹಿಡಿದಿದ್ದವನು ಕೂಗಿದ. "ತಾತಾ, ಸ್ವಲ್ಪ ಪಕ್ಕಕ್ಕೆ! ನೀವು ಫೋಟೋದಲ್ಲಿ ಬರ್ತಾ ಇದ್ದೀರ!"

ಸರಿದೆ. ಜೀವನದಲ್ಲಿ ಮೊದಲ ಸಲ, ಒಂದೇ ಸಲ ಹೇಳಿದ್ದಕ್ಕೆ!