ಕೆಂಚಯ್ಯ ತಂದ ಖಚಿತ ಮಾಹಿತಿ

ಮಗಳು ಹುಳದ ಮನೆಯೊಳಗೆ ಬಿಡಲಿಲ್ಲ ಎಂದು ಕೆಂಚಯ್ಯ ಟೀ ಅಂಗಡಿಯಲ್ಲಿ ಗೊಣಗಿದ್ದೇ ತಪ್ಪಾಯಿತು.

ರೇಷ್ಮೆಹುಳ ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಮೇಲೆ, ಹೊರಗಿನವರನ್ನು, ಹೆತ್ತಪ್ಪನೇ ಆಗಲಿ, ಒಳಗೆ ಬಿಡುವುದಿಲ್ಲ. ಸೋಂಕು ತಗುಲಿದರೆ ಬೆಳೆಯೇ ಹೋಗುತ್ತದೆ. ಸಾತನೂರಿನ ಕಡೆ ಇದು ಎಲ್ಲರಿಗೂ ಗೊತ್ತು. ಆದರೂ ಮೇಲಿನೂರಿಗೆ ಕೊಟ್ಟ ಮಗಳು ಧನಲಕ್ಷ್ಮಿ ಬಾಗಿಲಲ್ಲೇ ನಿಲ್ಲಿಸಿದಳಲ್ಲ ಎಂದು ಅವನಿಗೆ ಸಂಕಟ.

"ಬಾಗ್ಲಾಕ್ಕಂಡು ಕುಂತವ್ಳೆ. ಬ್ಲೀಚಿಂಗ್ ಪೌಡ್ರು ವಾಸ್ನೆ ಮೂಗ್ಗೆ ಹೊಡೀತದೆ," ಎಂದ.

ಪಂಚಾಯ್ತಿ ಅಧ್ಯಕ್ಷ ಯೋಗಾನಂದನ ಕಿವಿ ನೆಟ್ಟಗಾಯಿತು. ತಮ್ಮೂರಿಗೂ ಮೇಲಿನೂರಿಗೂ ಸೇರಿದ ಕೆರೆಯ ತೂಬು ಕಸಿದುಕೊಂಡು ಚುನಾವಣೆ ಗೆಲ್ಲಬೇಕೆಂದು ಅವನು ಜಗಳಕ್ಕೆ ನೆಪ ಹುಡುಕುತ್ತಲೇ ಇದ್ದ.

"ಎಷ್ಟ್ ಮೂಟೆ ಐತೆ ಕೆಂಚಣ್ಣ?"

"ಒಳೀಕೇ ಬುಡ್ನಿಲ್ಲ ಅಂತೀನಿ, ನಂಗೇನ್ ಗೊತ್ತು?"

"ಕೇಳುದ್ರೇನ್ರಪ್ಪಾ? ಬಚ್ಚಿಟ್ಟವ್ರೆ! ನಮ್ಮ ಕೆರೆಗೆ ಸುರಿಯಕ್ಕೆ!"

"ಅಯ್ಯೋ, ಹುಳದ್ ಮನೆಗೆ ಎರ್ಚೋ ಪೌಡ್ರು ಯೋಗಣ್ಣ. ನಿಮ್ಮನೇಲೂ ಐತಲ್ಲ!"

"ನಮ್ದು ಹುಳಕ್ಕೆ. ಅವ್ರದು ಕೆರೆಗೆ."

ಪಕ್ಕದ ಬೆಂಚಿನ ಮುನಿಶಾಮಯ್ಯ, ನಿನ್ನೆಯಿಂದ ಕೆರೆ ಮೀನು ಮಂಕಾಗಿವೆ ಎಂದ. ಅವನು ಕೆರೆಯ ಕಡೆ ಹೋಗಿ ತಿಂಗಳಾಗಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ಅದು.

ಮಧ್ಯಾಹ್ನದ ಹೊತ್ತಿಗೆ ಆಟೋ ಮೈಕು ಅರಚತೊಡಗಿತು: "ನಮ್ಮ ಕೆಂಚಯ್ಯನವರು ಪ್ರಾಣದ ಹಂಗು ತೊರೆದು ತಂದ ಖಚಿತ ಮಾಹಿತಿ!" ಪಾಪ, ಅವನು ಮಗಳಿಗೆ ಚಕ್ಕುಲಿ ಕೊಟ್ಟು ಬಂದಿದ್ದ, ಅಷ್ಟೇ.

ಮಗಳು ಫೋನ್ ಎತ್ತಲಿಲ್ಲ. ಮೇಲಿನೂರಿಗೆ ನುಗ್ಗಲು ಜನ ಟ್ರ್ಯಾಕ್ಟರುಗಳನ್ನು ಹತ್ತಿದ್ದರು; ಕೆಂಚಯ್ಯ ಓಡಿಬಂದು ಮುಂದಿನದಕ್ಕೆ ಅಡ್ಡ ನಿಂತ. "ನನ್ ಮಗಳ ಮನೆ ಕಣ್ರಲಾ! ಆ ಪೌಡ್ರ ನಾನೇ..."

ಅಷ್ಟರಲ್ಲಿ ಕೊರಳಿಗೆ ಹಾರ ಬಿತ್ತು, ಜೈಕಾರ ಎದ್ದಿತು. ಸಾಕ್ಷಿ ಬೇಕಲ್ಲ ಎಂದು ಅವನನ್ನೇ ಎತ್ತಿ ಮುಂದೆ ಕೂರಿಸಿದರು. ಗುಂಡಿಬಿದ್ದ ರಸ್ತೆಯಲ್ಲಿ ಅವನ ತಲೆ ಚನ್ನಪಟ್ಟಣದ ಗೊಂಬೆಯ ಹಾಗೆ ಆಡುತ್ತಿತ್ತು. "ನೋಡ್ರಲಾ, ಹೂಂ ಅಂತಾವ್ನೆ!" ಎಂದು ಹಿಂದಿನವರು ಕೂಗಿದರು.

ಮೇಲಿನೂರಿನ ಗಂಡಸರು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಿದ್ದ ಹೊತ್ತು. ಧನಲಕ್ಷ್ಮಿಯ ಹುಳದ ಮನೆಯ ಬಾಗಿಲು ಮುರಿಯಿತು, ಹುಳ ಸಾಕುವ ತಟ್ಟೆಗಳು ಉರುಳಿದವು. ವಾರದೊಳಗೆ ಗೂಡು ಕಟ್ಟಬೇಕಿದ್ದ ಹುಳಗಳು ಚಪ್ಪಲಿಯಡಿ ಅರೆದುಹೋದವು. ಮೂಲೆಯಲ್ಲಿ ಸಿಕ್ಕಿದ್ದು ಅರ್ಧ ಮೂಟೆ ಪೌಡರು.

"ಇಷ್ಟೇನಾ?" ಎಂದಿತು ಗುಂಪು. ಯೋಗಾನಂದನ ಮುಖ ಬಿಳಿಚಿಕೊಂಡಿತು. "ಎಲ್ಲಿಂದ ಬಂತಮ್ಮ ಇದು?"

ಧನಲಕ್ಷ್ಮಿ ಅಳುತ್ತಾ ಬೆರಳು ತೋರಿಸಿದಳು. "ಹೋದ್ ತಿಂಗ್ಳು ನಮ್ಮಪ್ಪನೇ ತಂದ್ಕೊಟ್ಟಿದ್ದು. ಕೇಳಿ ಬೇಕಾದ್ರೆ!"

ಅಧ್ಯಕ್ಷನಿಗೆ ಹೋದ ಜೀವ ಬಂದಂತಾಯಿತು. "ಕೇಳುದ್ರಾ? ಪೌಡ್ರು ಕೊಟ್ಟೋನೂ ಇವ್ನೇ, ಸುಳ್ ಸುದ್ದಿ ತಂದೋನೂ ಇವ್ನೇ! ನಮ್ಮೂರಿಗೇ ದ್ರೋಹ ಮಾಡ್ಬುಟ್ಟ. ನಡೀರಿ, ಬಂದಿದ್ದು ಬಂದಿದೀವಿ, ತೂಬಿಗೆ ಬೀಗ ಹಾಕವಾ."

ಹಾರ ಕಿತ್ತುಕೊಂಡು ಜನ ಟ್ರ್ಯಾಕ್ಟರು ಹತ್ತಿ ಕೆರೆಯ ಕಡೆ ಹೊರಟರು. ಕೆಂಚಯ್ಯನೊಬ್ಬ ಉಳಿದ. "ಮಗಾ..." ಎನ್ನುತ್ತಾ ಹೊಸ್ತಿಲ ಬಳಿ ಬಂದ.

ಒಳಗೆ ಸೋಂಕು ತಗುಲಲು ಒಂದು ಹುಳವೂ ಉಳಿದಿರಲಿಲ್ಲ. ಆದರೂ ಧನಲಕ್ಷ್ಮಿ ಮುರಿದ ಬಾಗಿಲನ್ನೇ ಎಳೆದು ಅಡ್ಡ ಇಟ್ಟಳು.

"ಅಲ್ಲೇ ನಿಂತ್ಕೊ ಅಪ್ಪಾ. ಒಳೀಕ್ ಬರಬ್ಯಾಡ."