ತಾತನ ಜಡತಿ ಬಾಗಿಲು

ಒಂದು ಊಹೆ ಮಾಡಿ ನೋಡೋಣ. ಬಂಗಾರಪೇಟೆಯ ಹುಣಸೆಹಣ್ಣಿನ ಮಂಡಿ. ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ನನ್ನ ತಂಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾಳೆ. ಇನ್ನೊಂದರಲ್ಲಿ ಕಲ್ಲು ತುಂಬಿದ ಗೋಣಿಚೀಲ. ಪಕ್ಕದಲ್ಲಿ ನಮ್ಮ ತಾತ ಎರಡೂ ಕೈ ಮೇಲಕ್ಕೆತ್ತಿ ನಿಂತಿದ್ದಾನೆ, ಅಜ್ಜಿ ಅಷ್ಟು ಜನರ ಮುಂದೆ ಅವನ ಮೈ ತಡಕುತ್ತಿದ್ದಾಳೆ. ಏನಾಗಿರಬಹುದು?

ಕಳ್ಳತನ ಅಂದಿರಾ? ಹತ್ತಿರ ಬಂದಿರಿ. ಆದರೆ ಕದ್ದವರು ಯಾರು, ಕದ್ದದ್ದು ಏನು, ಯಾಕೆ ಎಂಬುದನ್ನು ಇದುವರೆಗೂ ಒಬ್ಬರೂ ಸರಿಯಾಗಿ ಹೇಳಿಲ್ಲ. ನನಗೂ ಅದೇ ಬೇಕು. ನೀವು ಸೋತರೆ ತಾನೆ ನಾನು ಪೂರ್ತಿ ಕಥೆ ಹೇಳಬಹುದು.

ರಜದಲ್ಲಿ ಮಕ್ಕಳಿಗೆ ಮೈಗೆ ಹಿಡಿಯುವಂಥದನ್ನೇ ತಿನ್ನಿಸುತ್ತೇವೆ ಎಂದು ಹಟ ತೊಟ್ಟ ಮನೆಗಳಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಮೊನ್ನೆ ನನ್ನ ಮಗಳು ಸೊಪ್ಪಿನ ಪಲ್ಯದ ತಟ್ಟೆ ಹಿಡಿದು ತನ್ನ ಮಗನ ಹಿಂದೆ ಮಹಡಿ ಹತ್ತಿ ಇಳಿಯುತ್ತಿದ್ದಳು. ಪಿಂಚಣಿ ತಿನ್ನುವವನಿಗೆ ಇದಕ್ಕಿಂತ ಒಳ್ಳೆಯ ನಾಟಕ ಬೇಕೆ? ಕುರ್ಚಿ ಎಳೆದುಕೊಂಡು ಕೂತು ನಕ್ಕೆ. ನಗುವಿನ ಹಿಂದೆಯೇ ತಾತನ ಕೈ ನೆನಪಾಯಿತು.

ಕೈ ಎತ್ತು

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಬಂಗಾರಪೇಟೆಯನ್ನು ಜನ ಇನ್ನೂ ಬೌರಿಂಗ್‌ಪೇಟೆ ಅನ್ನುತ್ತಿದ್ದ ಕಾಲ. ನಾವಿದ್ದದ್ದು ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ. ಅಪ್ಪ ಗಣಿಯಲ್ಲಿ ಗುಮಾಸ್ತ. ತಾತ ಎಂದರೆ ಅಮ್ಮನ ಅಪ್ಪ. ಅವನು ಗಣಿಯ ಬಾಗಿಲಲ್ಲಿ ಜಡತಿ ಮಾಡುವ ಕೆಲಸದಲ್ಲಿದ್ದು, ನಿವೃತ್ತನಾಗಿ ಬಂಗಾರಪೇಟೆಯಲ್ಲಿ ಅಜ್ಜಿಯ ಜೊತೆ ಮನೆ ಮಾಡಿಕೊಂಡಿದ್ದ. ಪಾಳಿ ಮುಗಿಸಿ ಮೇಲೆ ಬಂದವರು ಚಿನ್ನದ ಚೂರು ಬಚ್ಚಿಟ್ಟುಕೊಂಡಿದ್ದಾರೋ ಎಂದು ಮೈಯೆಲ್ಲ ತಡಕಿ ನೋಡುವುದೇ ಜಡತಿ. ಕೂದಲು, ಕಿವಿ, ನಾಲಗೆಯಡಿ, ಕಾಲ್ಬೆರಳ ಸಂದು, ಯಾವುದನ್ನೂ ತಾತನ ಕೈ ಬಿಡುತ್ತಿರಲಿಲ್ಲವಂತೆ.

ಆ ಚಳಿಗಾಲದಲ್ಲಿ ತಂಗಿಗೆ ದೊಡ್ಡ ಜ್ವರ ಬಂದು ಬಿಟ್ಟಿತ್ತು. ಕಡ್ಡಿಯಾಗಿದ್ದಳು. ಡಾಕ್ಟರು ಅಮ್ಮನಿಗೆ, "ರಜದಲ್ಲಿ ರಾಗಿ, ಕಾಳು, ಸೊಪ್ಪು, ಹಣ್ಣು ಕೊಡಿ. ಹಬ್ಬದ ಕರಿದ ತಿಂಡಿ, ಸಿಹಿ ಬೇಡ. ಸಂಕ್ರಾಂತಿ ಹೊತ್ತಿಗೆ ಮೈ ಹಿಡಿಯದಿದ್ದರೆ ಆಸ್ಪತ್ರೆಗೆ ಸೇರಿಸೋಣ" ಅಂದರು. ಗಣಿಯಲ್ಲಿ ಕಲ್ಲು ಬಿದ್ದು ಆಸ್ಪತ್ರೆಗೆ ಹೋದ ನಮ್ಮ ಲೈನು ಮನೆಗಳ ಸಾಲಿನ ಅಣ್ಣನೊಬ್ಬ ವಾಪಸು ಬಂದಿರಲಿಲ್ಲ. ತಂಗಿಗೆ ಆಸ್ಪತ್ರೆ ಎಂದರೆ ಅಷ್ಟೇ ಗೊತ್ತು. ಡಾಕ್ಟರ ಮಾತು ಕೇಳಿದ ದಿನದಿಂದ ಅವಳು ನನ್ನ ಅಂಗಿಯ ತುದಿ ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದಳು.

ಕ್ರಿಸ್‌ಮಸ್ ರಜಕ್ಕೆ ನಮ್ಮಿಬ್ಬರನ್ನೂ ರೈಲು ಹತ್ತಿಸಿದರು. ಪಕ್ಕದ ಮನೆಯ ತಮಿಳು ಅಜ್ಜಿ ಓಡಿ ಬಂದು, "ಸಾಪ್ಡು ಕಣ್ಣು", ತಿನ್ನು ಕಂದಾ, ಅಂತ ಕೇಕು, ಅಚ್ಚು ಮುರುಕು, ಸಕ್ಕರೆಯಲ್ಲಿ ಹೊರಳಿಸಿದ ಕಲ್‌ಕಲ್ ಎಲ್ಲವನ್ನೂ ನಮ್ಮ ಜೇಬಿಗೆ ತುರುಕಿದಳು.

ತಾತ ಹೊಸ್ತಿಲಲ್ಲೇ ನಿಂತಿದ್ದ.

"ನಿಂತ್ಕಳ್ರಲಾ. ಕೈ ಎತ್ತು."

"ನಾನು ಕಣ್ ತಾತ."

"ನೀನೇ ಅಂತ ಗೊತ್ತು ಕಣ್ಲಾ. ಗುರ್ತಿಲ್ದೋರು ಯಾಕ್ ಕದೀತಾರೆ? ಬಾಯಿ ತೆಗಿ. ನಾಲ್ಗೆ ಎತ್ತು."

ನನ್ನ ಟೋಪಿಯಿಂದ ಕೇಕು ಬಂತು, ಚಡ್ಡಿ ಜೇಬಿನಿಂದ ಮುರುಕು, ತಂಗಿಯ ಜಡೆ ಕುಚ್ಚಿನೊಳಗಿಂದ ಕಲ್‌ಕಲ್. ಎಲ್ಲವೂ ಹೊಸ್ತಿಲ ಮೇಲೆ ಸಾಲಾಗಿ ಕೂತವು. ಅಜ್ಜಿ ಆರತಿ ತಟ್ಟೆ ಹಿಡಿದು ಬಂದವಳು, "ಮಕ್ಳು ಬಂದವ್ರೆ ಅಂತ ನಾನ್ ಆರ್ತಿ ತಂದ್ರೆ, ನೀವು ಪೊಲೀಸ್ ಠಾಣೆ ಮಾಡ್ಕೊಂಡು ಕುಂತಿದ್ದೀರಾ?" ಅಂದಳು.

"ಆ ತಟ್ಟೆನೂ ಇತ್ತ ತಾ," ಅಂದ ತಾತ. "ಬೆಲ್ಲ ಗಿಲ್ಲ ಐತಾ ನೋಡಾನ."

ಗೋಣಿ ತಂಗಿ

ಮಾರನೆಯ ದಿನ ತಾತ ತಂಗಿಯನ್ನು ಹುಣಸೆ ಮಂಡಿಗೆ ಕರೆದುಕೊಂಡು ಹೋಗಿ ತಕ್ಕಡಿಯಲ್ಲಿ ಕೂರಿಸಿದ. ಮಂಡಿಯ ಯಜಮಾನರು ಅವಳಷ್ಟೇ ತೂಕಕ್ಕೆ ಒಂದು ಗೋಣಿಗೆ ಕಲ್ಲು ತುಂಬಿಸಿ, ಬಾಯಿ ಹೊಲಿಸಿ, ಮೂಲೆಯಲ್ಲಿ ಇಡಿಸಿದರು. ಸಂಕ್ರಾಂತಿ ಹೊತ್ತಿಗೆ ಅವಳು ಆ ಗೋಣಿಗಿಂತ ಭಾರವಾಗಬೇಕು. ಲೆಕ್ಕ ಇಷ್ಟೇ.

ಹಮಾಲರು ಗೋಣಿಗೆ ತಂಗಿಯ ಹೆಸರನ್ನೇ ಇಟ್ಟರು. ತಾತ ಬೀದಿಯಲ್ಲಿ ಕಂಡಾಗಲೆಲ್ಲ, "ಯಜಮಾನ್ರೇ, ನಿಮ್ ಮೊಮ್ಮಗಳು ಚೆನ್ನಾಗವ್ಳೆ. ಜಾಗ ಬಿಟ್ಟು ಅಲ್ಲಾಡಿಲ್ಲ, ಅಳ್ಲೂ ಇಲ್ಲ" ಎಂದು ಗೋಣಿಯ ಕ್ಷೇಮಸಮಾಚಾರ ಕೊಡುತ್ತಿದ್ದರು.

ಮೇಷ್ಟ್ರ ಕೋಟು

ಜಡತಿ ಮಕ್ಕಳಿಗೆ ಮಾತ್ರ ಅಂತ ನಾವು ತಿಳಿದಿದ್ದೆವು. ತಾತನ ಪ್ರಕಾರ ಮಾಲು ಒಳಗೆ ಬರುವುದು ದೊಡ್ಡವರ ಕೈಯಿಂದಲೇ. ಎದುರು ಮನೆಯ ಮೇಷ್ಟ್ರು ಒಂದು ಸಂಜೆ ಪಂಚಾಂಗ ನೋಡಲು ಬಂದರು. ಒಳ್ಳೆ ಕರಿ ಕೋಟು, ಜರಿ ಪೇಟ. ತಾತ ಬಾಗಿಲಲ್ಲಿ, "ಮೇಷ್ಟ್ರೇ, ತಪ್ಪು ತಿಳೀಬ್ಯಾಡಿ, ಒಂದ್ ಗಳಿಗೆ" ಎಂದು ಕೋಟಿನ ಜೇಬಿಗೆ ಕೈ ಇಟ್ಟ. ಕೊಬ್ಬರಿ ಮಿಠಾಯಿ ಪೊಟ್ಟಣ ಸಿಕ್ಕಿತು.

ಅಜ್ಜಿ ನಾಚಿಕೆಯಿಂದ ಅಡುಗೆಮನೆ ಸೇರಿಕೊಂಡಳು.

"ಮಕ್ಳಿಗೆ ತಂದ್ರಾ ಮೇಷ್ಟ್ರೇ?" ಅಂದ ತಾತ.

ಮೇಷ್ಟ್ರು ಹಿಂದಕ್ಕೆ ತಿರುಗಿ ತಮ್ಮ ಮನೆಯ ಕಿಟಕಿ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಇಲ್ಲ ಸ್ವಾಮಿ. ನನಗೇ. ನಮ್ಮ ಮನೆಯಲ್ಲೂ ಡಾಕ್ಟರು ಹೇಳಿದ್ದಾರೆ" ಅಂದರು.

ಮೈ ಹಿಡಿದವರು

ಸಿಹಿಯನ್ನೇನೋ ತಡೆದದ್ದಾಯಿತು. ಒಳ್ಳೆಯದು ಒಳಗೆ ಹೋಗಬೇಕಲ್ಲ? ಅಜ್ಜಿಯ ಕೈಯಡುಗೆ ನೆನೆದರೆ ನನಗೆ ಈಗಲೂ ಹಸಿವಾಗುತ್ತದೆ. ಅವರೆಕಾಯಿ ಕಾಲ. ಸೊಗಡು ಅವರೆಯನ್ನು ಹಿತುಕಿ ಮಾಡಿದ ಸಾರು, ಕೀರೆಸೊಪ್ಪಿನ ಬಸ್ಸಾರು, ಬಿಸಿ ಮುದ್ದೆ. ನಾನು ಬಾಚಿಕೊಂಡು ತಿನ್ನುತ್ತಿದ್ದೆ. ತಂಗಿ ಮಾತ್ರ ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಗೋಡೆ ನೋಡುತ್ತಿದ್ದಳು.

"ನುಂಗು ನನ್ ತಾಯಿ. ಇದೊಂದ್ ತುತ್ತು ನಿಮ್ಮವ್ವಂದು," ಅನ್ನುವಳು ಅಜ್ಜಿ.

ಅಮ್ಮನ ಹೆಸರು ಕೇಳಿದರೆ ಕಣ್ಣಲ್ಲಿ ನೀರು ಬರುತ್ತಿತ್ತೇ ಹೊರತು ತುತ್ತು ಇಳಿಯುತ್ತಿರಲಿಲ್ಲ.

ಆಮೇಲಾಮೇಲೆ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ತಿಂದು ಬರುತ್ತೇನೆ ಅಂದಳು. ತಟ್ಟೆ ಖಾಲಿಯಾಗಿ ಬರತೊಡಗಿತು. ಅಜ್ಜಿಗೆ ಹಿಗ್ಗೋ ಹಿಗ್ಗು. ಆದರೆ ಹಿತ್ತಲಲ್ಲಿದ್ದ ಎಮ್ಮೆ ಊಟದ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಕಡೆ ತಿರುಗಿ ಕೂಗಲು ಶುರು ಮಾಡಿತು. ಹಾಲು ಕೊಳ್ಳಲು ಬಂದ ಪಕ್ಕದ ಮನೆಯಾಕೆ, "ಅಜ್ಜೀ, ಎಮ್ಮೆಗೆ ಏನ್ ಆಕ್ತಿದ್ದೀರಾ? ಮೈ ಮಿರಮಿರ ಅಂತೈತೆ" ಅಂದಳು.

ಡಾಕ್ಟರು ಹೇಳಿದ ಪಥ್ಯವನ್ನು ನಮ್ಮ ಮನೆಯಲ್ಲಿ ಚಾಚೂ ತಪ್ಪದೆ ನಡೆಸಿದ್ದು ಆ ಎಮ್ಮೆ ಒಂದೇ.

ಹೆಗ್ಗಣ

ಒಂದು ಮಧ್ಯಾಹ್ನ ತಂಗಿ ಅಡುಗೆಮನೆಯಿಂದ ಬರುತ್ತಿದ್ದಳು. ಮುಷ್ಟಿ ಬಿಗಿಯಾಗಿತ್ತು, ಕೆನ್ನೆ ಆಡುತ್ತಿತ್ತು. ತಾತ ತಡೆದು ಮುಷ್ಟಿ ಬಿಡಿಸಿದ. ಅಜ್ಜಿ ಸಂಜೆಯ ಪಲ್ಯಕ್ಕೆಂದು ಬೇಯಿಸಿ ಬಸಿದಿಟ್ಟಿದ್ದ ಅವರೆಕಾಳು.

ತಾತ ಅದನ್ನು ನೋಡಿದ, ಅವಳ ಮುಖ ನೋಡಿದ. ಆಮೇಲೆ ಬೆರಳುಗಳನ್ನು ಒಂದೊಂದಾಗಿ ಮತ್ತೆ ಮಡಚಿ ಮುಷ್ಟಿ ಮುಚ್ಚಿದ. "ಏನೂ ಸಿಗ್ಲಿಲ್ಲ. ಓಗು," ಅಂದ. ಅವಳು ಓಡಿದ ಮೇಲೆ ನನ್ನ ಕಡೆ ಬಾಗಿ, "ಕೊಟ್ರೆ ತಿನ್ನಲ್ಲ, ಕದ್ರೆ ತಿಂತಾಳೆ ಕಣ್ಲಾ. ಇಂಥೋರ್ ಮಧ್ಯದಾಗೇ ನಾನ್ ಮುದುಕ ಆದೋನು" ಎಂದು ನಕ್ಕ.

ಸಂಜೆ ಹೊಸ ಕಾನೂನು ಬಂತು. "ಇವತ್ತಿಂದ ಅವರೆಕಾಳು, ಕಳ್ಳೇಕಾಯಿ, ಸೀಬೆಅಣ್ಣು, ರಾಗಿ ರೊಟ್ಟಿ ಯಾರೂ ಮುಟ್ಟಂಗಿಲ್ಲ. ಸಿಕ್ಕಿಬಿದ್ರೆ ಬಿಡಾಕಿಲ್ಲ."

"ಮತ್ತೆ ಮಕ್ಳು ಮಣ್ ತಿಂತವಾ?" ಅಂದಳು ಅಜ್ಜಿ. ಅವಳಿಗೆ ಗುಟ್ಟು ಹೇಳಿರಲಿಲ್ಲ. ಹೇಳಿದ್ದರೆ ಸಂಜೆಯೊಳಗೆ ಬಾವಿಕಟ್ಟೆಗೆಲ್ಲ ಗೊತ್ತಾಗಿ ತಂಗಿಯ ಕಿವಿಗೂ ಬೀಳುತ್ತಿತ್ತು.

ಮಾರನೆಯ ದಿನದಿಂದ ತಾತನ ಕೈಗೆ ಕುರುಡು ಬಂತು. ತಂಗಿಯ ಲಂಗದ ಮಡಿಲು ಕಳ್ಳೇಕಾಯಿಯಿಂದ ಉಬ್ಬಿರುತ್ತಿತ್ತು, ತಾತನ ಕೈ ಅಲ್ಲೇ ಹಾದುಹೋಗಿ, "ಏನಿಲ್ಲ, ಓಗು" ಅನ್ನುತ್ತಿತ್ತು. ಅಷ್ಟೇ ಅಲ್ಲ, ಅಜ್ಜಿಯ ರೊಟ್ಟಿ ಬುಟ್ಟಿಯಿಂದ ತಾನೇ ರೊಟ್ಟಿ ಎತ್ತಿ, ಹುಲ್ಲಿನ ಮೆದೆಯ ಸಂದಿಯಲ್ಲಿ ಅವಳು ಕದಿಯಲಿ ಎಂದು ಇಟ್ಟು ಬರುತ್ತಿದ್ದ. ಗಣಿಯ ಬಾಗಿಲಲ್ಲಿ ಕಳ್ಳರಲ್ಲಿ ಕಂಡ ಜಾಣತನವೆಲ್ಲ ಈಗ ಉಪಯೋಗಕ್ಕೆ ಬಂತು.

ರೊಟ್ಟಿ ಮಾಯವಾಗುವುದನ್ನು ಕಂಡ ಅಜ್ಜಿ, ಹೆಗ್ಗಣ ಸೇರಿದೆ ಎಂದು ಬುಟ್ಟಿಯ ಪಕ್ಕ ಬೋನು ಇಟ್ಟಳು. ಬೆಳಿಗ್ಗೆ ಬೋನು ಬಿದ್ದಿತ್ತು, ಹೆಗ್ಗಣ ಇರಲಿಲ್ಲ.

"ತಪ್ಪಿಸ್ಕೊಂಡು ಓಗೈತೆ," ಎಂದು ಅಜ್ಜಿ ಗೊಣಗಿದಳು.

"ಊಂ," ಅಂದ ತಾತ. ಬಲಗೈ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಎಂದೂ ಇಲ್ಲದ್ದು ಅಂದು ಚಮಚದಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ.

ತಕ್ಕಡಿ

ರಜ ಮುಗಿಯುತ್ತ ಬಂತು. ನಮ್ಮನ್ನು ಕರೆದೊಯ್ಯಲು ಅಪ್ಪ ಬೆಳಗಿನ ರೈಲಿಗೆ ಬಂದರು. ಎಲ್ಲರೂ ಮಂಡಿಗೆ ನಡೆದೆವು. ದಾರಿಯುದ್ದಕ್ಕೂ ತಂಗಿ ನನ್ನ ಅಂಗಿಯ ತುದಿ ಬಿಡಲಿಲ್ಲ. ಹಮಾಲರು ಗೋಣಿ ತಂಗಿಯನ್ನು ಹೊತ್ತು ತಂದು ತಟ್ಟೆಗಿಟ್ಟರು.

"ಕೂರ್ಸೋಕ್ ಮುಂಚೆ ಜಡ್ತಿ ಮಾಡಿ," ಅಂದಳು ಅಜ್ಜಿ. "ಮೇಷ್ಟ್ರನ್ನೇ ಬಿಡ್ಲಿಲ್ಲ ನೀವು."

ತಾತನ ಕೈ ಅವಳ ಭುಜದಿಂದ ಇಳಿಯಿತು. ಲಂಗದ ಮಡಿಲಿಗೆ ಬಂದು ನಿಂತಿತು. ನಾನು ಪಕ್ಕದಲ್ಲೇ ಇದ್ದೆ; ಬೆಣಚುಕಲ್ಲು ಒಂದಕ್ಕೊಂದು ತಾಗಿದ ಸದ್ದು ಕೇಳಿಸಿತು.

"ಆಸ್ಪತ್ರೆಗೆ ಓಗಲ್ಲ ತಾತ," ಅಂದಳು ಅವಳು, ತುಟಿಯಷ್ಟೇ ಆಡಿಸಿ.

ಗಣಿಯ ಬಾಗಿಲಲ್ಲಿ ಒಂದು ಚೂರನ್ನೂ ಬಿಡದೆ ದುಡಿದ ಮನುಷ್ಯ ನೆಟ್ಟಗೆ ನಿಂತು, "ಏನೂ ಇಲ್ಲ, ಕೂರ್ಸಿ" ಅಂದ.

ಕೂರಿಸಿದ ರಭಸಕ್ಕೆ ತಟ್ಟೆ ದಡ್ಡನೆ ನೆಲ ಮುಟ್ಟಿತು. ಕಲ್ಲುಗಳೆಲ್ಲ ಮಡಿಲಿನಿಂದ ಉರುಳಿದವು. ಅಪ್ಪನ ಮುಖ ಸಪ್ಪಗಾಯಿತು. ಅಜ್ಜಿ ತಟ್ಟೆಯಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ಆಯ್ದು ಹೊರಗೆ ಹಾಕಿದಳು. ತಟ್ಟೆ ಸ್ವಲ್ಪ ಏರಿತು. ಇನ್ನೂ ಸ್ವಲ್ಪ ಏರಿತು. ಹಮಾಲರು ಬೀಡಿ ಸೇದುವುದನ್ನು ಬಿಟ್ಟು ನೋಡುತ್ತಿದ್ದರು. ಕೊನೆಯ ಕಲ್ಲೂ ಹೋಯಿತು. ತಟ್ಟೆ ಅಲ್ಲಾಡಿ ನಿಂತಿತು. ತಂಗಿ ಕೆಳಗೇ ಇದ್ದಳು, ಗೋಣಿ ಮೇಲೆ.

ಅಪ್ಪ ಅತ್ತ ತಿರುಗಿ ಕನ್ನಡಕ ಒರೆಸಿಕೊಂಡರು. ಅಜ್ಜಿ ಮಾತ್ರ ಸೊಂಟದ ಮೇಲೆ ಕೈ ಇಟ್ಟು ಯೋಚಿಸಿದಳು.

"ಮುದ್ದೆ ತಿಂದಿದ್ದು ಎಮ್ಮೆ. ಇವ್ಳಿಗ್ ಎಲ್ಲಿಂದ ಬಂತು ಮೈ?" ಎಂದು ತಾತನ ಕಡೆ ತಿರುಗಿದಳು. "ಎತ್ರಿ ಕೈಯ."

ತಾತ ಎತ್ತಿದ. ರುಮಾಲಿನ ಸುತ್ತಿನಿಂದ ರಾಗಿ ರೊಟ್ಟಿ ಬಂತು. ಕೋಟಿನ ಎಡ ಜೇಬಿನಿಂದ ಅವರೆಕಾಳು, ಬಲ ಜೇಬಿನಿಂದ ಸೀಬೆಹಣ್ಣು. ದಾರಿಯಲ್ಲಿ ಮೊಮ್ಮಗಳು ಕದಿಯಲಿ ಎಂದು ತುಂಬಿಕೊಂಡು ಬಂದಿದ್ದ. ಅಜ್ಜಿ ಕೊನೆಗೆ ಅವನ ಬಟ್ಟೆ ಸುತ್ತಿದ ಬೆರಳನ್ನು ಹಿಡಿದು ಮಂಡಿಗೆಲ್ಲ ತೋರಿಸಿದಳು.

"ಅಂತೂ ಎಗ್ಗಣ ಸಿಕ್ತು," ಅಂದಳು.

ಮಂಡಿ ಬಿದ್ದು ಬಿದ್ದು ನಕ್ಕಿತು. ಆ ಗಲಾಟೆಯ ನಡುವೆ ತಟ್ಟೆಯೊಳಗಿಂದ ತಂಗಿ ಕೈ ಚಾಚಿ, "ಅಜ್ಜೀ, ಆ ರೊಟ್ಟಿ ನಂದು. ಕೊಡು" ಅಂದಳು. ಜ್ವರ ಬಿಟ್ಟ ಮೇಲೆ ಅವಳು ಬಾಯಿಬಿಟ್ಟು ಕೇಳಿದ ಮೊದಲ ತಿನಿಸು ಅದು. ಅಜ್ಜಿ ಅಲ್ಲೇ ಮುರಿದು ಮುರಿದು ತಿನ್ನಿಸಿದಳು. ತಾತನಿಗೆ ಯಾರೂ ಕೈ ಇಳಿಸು ಅನ್ನಲಿಲ್ಲ. ಅವನು ಕೈ ಎತ್ತಿಕೊಂಡೇ ನಿಂತು ನೋಡುತ್ತಿದ್ದ.

ತಂಗಿ ಈಗ ಚಿಂತಾಮಣಿಯಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡು ಗುಂಡುಗುಂಡಗಿದ್ದಾಳೆ. ಬಂಗಾರಪೇಟೆಯ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಆ ಬೀದಿಯಲ್ಲಿ ಹೋಗುವಾಗ ಒಮ್ಮೆ ಹೊಸ್ತಿಲ ಮುಂದೆ ನಿಲ್ಲುತ್ತೇನೆ. ಜೇಬಿನಲ್ಲಿ ಬೇಕೆಂದೇ ಒಂದು ಕೊಬ್ಬರಿ ಮಿಠಾಯಿ ಇರುತ್ತದೆ. ತಡಕುವ ಕೈ ಮಾತ್ರ ಇಲ್ಲ. ಅಂದಹಾಗೆ, ಅಜ್ಜಿ ಹೆಗ್ಗಣ ಹಿಡಿದದ್ದು ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು, ಬುಧವಾರ ಬೆಳಿಗ್ಗೆ.